ಪಡುವಣ ದಡದ ಚಂದ್ರ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ನೆಟ್ಟಗಕ್ಕ ಎಂದು. ಮೂವತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ "ನೆಟ್ಟಗೆ ಕೂತ್ಕೊಳ್ಳಿ" ಎನ್ನುವವಳಿಗೆ ಜನ ಇನ್ನೇನು ಹೆಸರಿಟ್ಟಾರು? ಲಾಂಚುಕಟ್ಟೆಗೆ ಇಳಿಯುವ ಬೀದಿಯ ಕೊನೆಯ ಅಂಗಡಿ ಅವಳ ಸ್ಟುಡಿಯೋ. ಮುಂದೆ ಒಂದು ಕೌಂಟರು, ಹಿಂದೆ ಬಿಳಿ ಪರದೆ, ತಿರುಗುವ ಸ್ಟೂಲು, ಎರಡು ದೀಪ, ಗೋಡೆಗೊಂದು ಕನ್ನಡಿ, ಕನ್ನಡಿಗೆ ದಾರ ಕಟ್ಟಿದ ಬಾಚಣಿಗೆ. ಕೋಟಿಲ್ಲದೆ ಬಂದವರಿಗೆಂದು ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು ಬೇರೆ. ಊರಿನ ಅರ್ಧದಷ್ಟು ಗಂಡಸರು ಒಂದಲ್ಲ ಒಂದು ದಿನ ಅದರೊಳಗೆ ಹೊಕ್ಕು ಬಂದಿದ್ದಾರೆ. ಮದುವೆ, ಸಮಾರಂಭಗಳ ಫೋಟೋಗಳನ್ನೆಲ್ಲ ದೊಡ್ಡ ಸ್ಟುಡಿಯೋಗಳು ಬಾಚಿಕೊಂಡು ಹೋದಮೇಲೆ ಇವಳಿಗೆ ಉಳಿದದ್ದು ಪಾಸ್‌ಪೋರ್ಟ್ ಅಳತೆಯ ಮುಖಗಳು. ಅದಕ್ಕೆ ಅವಳೇನೂ ಬೇಜಾರು ಮಾಡಿಕೊಂಡವಳಲ್ಲ. ಕಿವಿ ಎರಡೂ ಕಾಣಬೇಕು, ಹಲ್ಲು ಕಾಣಬಾರದು, ಅಷ್ಟೆ ಅವಳ ಶಾಸ್ತ್ರ.

ಗಂಡ ತೀರಿಕೊಂಡ ಮೇಲೆ ಸ್ಟುಡಿಯೋದ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಅವಳ ಅಪ್ಪನೂ ಇಬ್ಬರೇ. ಹಗಲೆಲ್ಲ ಅಪ್ಪ ಅಂಗಡಿ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ. ಎಂಬತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಕಥೆ. ಬೀದಿಯವರ ಬಾಯಲ್ಲಿ ಅವರು "ಚಂದ್ರ ಹಿಡಿದ ಯಜಮಾನರು". ಆ ಬಿರುದಿಗೆ ಕಾರಣ ಕೌಂಟರಿನ ಮೇಲ್ಗಡೆ ತೂಗುವ ಕಪ್ಪು ಬಿಳುಪು ಚಿತ್ರ. ಹಿನ್ನೀರಿನ ಆಚೆ ದಡದಲ್ಲಿ ಒಂದು ನೀರಿನ ಟ್ಯಾಂಕು, ಟ್ಯಾಂಕಿನ ತಲೆಯ ಮೇಲೆ ಅದರಷ್ಟೇ ದೊಡ್ಡ ಹುಣ್ಣಿಮೆ ಚಂದ್ರ, ಕೆಳಗೆ ಈಚೆ ದಡದವರೆಗೂ ನೀರಿನ ಮೇಲೆ ಬೆಳಕಿನ ದಾರಿ. ಅದರ ಪ್ರತಿ ಶಾಲೆಯ ಹೆಡ್‌ಮಾಸ್ಟರರ ಕೋಣೆಯಲ್ಲಿತ್ತು, ಕ್ಷೌರದಂಗಡಿಯಲ್ಲಿತ್ತು, ಊರಿನ ಅದೆಷ್ಟೋ ಮನೆಗಳ ಗೋಡೆಯಲ್ಲಿತ್ತು.

ಫೋಟೋಕ್ಕೆಂದು ಬಂದವರಾರೂ ಅದನ್ನು ಹಿಡಿದ ಕಥೆ ಕೇಳದೆ ಸ್ಟೂಲು ಹತ್ತುವಂತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಆ ಕಥೆಯಲ್ಲಿ ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅವಳ ಮದುವೆಯ ಹೊತ್ತಿಗೆ ನೀರು ಸೊಂಟಕ್ಕೆ ಬಂದಿತ್ತು. ಈಗ ಕತ್ತಿನವರೆಗೆ ಏರಿತ್ತು, ಹೋದ ವರ್ಷದಿಂದ ಒಂದು ಮೊಸಳೆಯೂ ಸೇರಿಕೊಂಡಿತ್ತು. "ಅಪ್ಪ, ಈ ಮೊಸಳೆ ಯಾವಾಗ ಬಂತು?" ಎಂದು ಅವಳು ಕೇಳಿದ್ದಕ್ಕೆ, "ಅದು ಮೊದಲಿಂದ್ಲೂ ಇತ್ತು. ನೀನು ಹೆದರ್ಕೋತೀಯ ಅಂತ ಹೇಳಿರ್ಲಿಲ್ಲ" ಎಂದರು.

ಹೀಗಿರುವಾಗ ಒಂದು ದಿನ ಲಾಂಚು ಕಚೇರಿಯ ಮ್ಯಾನೇಜರು ಅಂಗಡಿಗೆ ಬಂದರು.

"ಯಜಮಾನರೇ, ಪ್ರಯಾಣಿಕರಿಗೆ ಹೊಸ ಹಾಲ್ ಕಟ್ತಾ ಇದೀವಲ್ಲ, ಅದರ ಎದುರು ಗೋಡೆ ಮೇಲೆ ನಿಮ್ಮ ಚಂದ್ರನ್ನ ಹಾಕ್ಬೇಕು ಅಂತಿದೀವಿ. ಎಂಟಡಿ ಅಗಲ. ಕೆಳಗೆ ನಿಮ್ಮ ಹೆಸರು. ಅಷ್ಟು ದೊಡ್ಡದು ಮಾಡೋಕೆ ನೆಗೆಟಿವ್ವೇ ಬೇಕಂತೆ."

ಅಪ್ಪ ಕುಣಿದಾಡುತ್ತಾರೆ ಎಂದು ಅವಳು ತಿರುಗಿ ನೋಡಿದರೆ, ಅವರು ಚಪ್ಪಲಿ ಹುಡುಕುವವರಂತೆ ಕುರ್ಚಿಯ ಕೆಳಗೆ ನೋಡುತ್ತಿದ್ದರು. "ಹುಡುಕ್ಬೇಕು. ಹಳೇದು. ಎಲ್ಲಿದೆಯೋ ಏನೋ," ಎಂದರು.

"ನಿಧಾನವಾಗಿ ಹುಡುಕಿ. ಉದ್ಘಾಟನೆಗೆ ಇನ್ನೂ ಮೂರು ತಿಂಗಳಿದೆ," ಎಂದು ಮ್ಯಾನೇಜರು ಹೋದರು. ಆ ದಿನ ಅಪ್ಪ ಯಾರಿಗೂ ಕಥೆ ಹೇಳಲಿಲ್ಲ. ಮೊಸಳೆಗೂ ರಜೆ.

ಮುಂದಿನ ಭಾನುವಾರ ಅವಳೇ ಅಟ್ಟ ಹತ್ತಿದಳು. ಬಿಸ್ಕತ್ತಿನ ತಗಡು ಡಬ್ಬಿಗಳಲ್ಲಿ ಅಪ್ಪ ಎಲ್ಲ ನೆಗೆಟಿವ್‌ಗಳನ್ನೂ ತಾರೀಕು ಬರೆದು ಇಟ್ಟಿದ್ದರು. ಬಾಯಿ ಎಷ್ಟು ಸಡಿಲವೋ ಕೈ ಅಷ್ಟೇ ಬಿಗಿ. ಏಳನೆಯ ಡಬ್ಬಿಯಲ್ಲಿ ಬೇಕಾದ ಲಕೋಟೆ ಸಿಕ್ಕಿತು. ಒಳಗೆ ಒಂದಿರಬೇಕಾದ ನೆಗೆಟಿವ್ ಎರಡಿತ್ತು, ಜೊತೆಗೆ ನಾಣ್ಯದಷ್ಟು ಗುಂಡಗೆ ಕತ್ತರಿಸಿದ ಕಪ್ಪು ಕಾಗದ. ಕಿಟಕಿಗೆ ಹಿಡಿದು ನೋಡಿದಳು. ಒಂದರಲ್ಲಿ ಟ್ಯಾಂಕು, ನೀರು, ಟ್ಯಾಂಕಿನ ಮೇಲೆ ಇಳಿಯುತ್ತಿರುವ ಸಂಜೆಯ ಸೂರ್ಯ. ಇನ್ನೊಂದರಲ್ಲಿ ಚಂದ್ರ ಒಬ್ಬನೇ, ಸುತ್ತ ಏನೆಂದರೆ ಏನೂ ಇಲ್ಲ.

ಮೂವತ್ತು ವರ್ಷದ ಕಸುಬು. ಬಿಡಿಸಿ ಹೇಳುವವರು ಬೇಕೆ? ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಸೂರ್ಯನ ಜಾಗವನ್ನು ಆ ಕಾಗದದಿಂದ ಮುಚ್ಚಿ, ನೀರನ್ನೂ ಆಕಾಶವನ್ನೂ ಬೇಕೆಂದೇ ಕಪ್ಪಾಗಿಸಿ, ಆಮೇಲೆ ಮುಚ್ಚಿದ ಗುಂಡು ಜಾಗದಲ್ಲಿ ಚಂದ್ರನನ್ನು ಅಚ್ಚೊತ್ತಿದ್ದರು. ಊರಿನವರೆಲ್ಲ ನಲವತ್ತೊಂದು ವರ್ಷದಿಂದ ಬೆಳದಿಂಗಳು ಎಂದುಕೊಂಡು ನೋಡಿದ್ದು ಸಂಜೆ ಬಿಸಿಲು. ಅಪ್ಪನ ಹಳೆಯ ಕ್ಯಾಮೆರಾದೊಳಗೆ ಬೆಳಕು ತಡೆಯುವ ಷಟರ್ ಬಟ್ಟೆಯಲ್ಲಿ ಸೂಜಿ ತೂತಿನಷ್ಟು ಸುಟ್ಟ ಗುರುತಿತ್ತು. ಹುಳ ತಿಂದದ್ದು ಎನ್ನುತ್ತಿದ್ದರು. ಉದ್ದ ಲೆನ್ಸಿನಲ್ಲಿ ಸೂರ್ಯನನ್ನು ಅಷ್ಟು ಹೊತ್ತು ಕಟ್ಟಿಹಾಕಿದರೆ ಬಟ್ಟೆ ಸುಡದೆ ಇನ್ನೇನು!

ಮೊದಲು ಅವಳಿಗೆ ನಗು ಬಂತು. ಆಮೇಲೆ ಸಿಟ್ಟು ಬಂತು, ಮೂರ್ತಿ ಮಾಡಿ ಕೂರಿಸಿಕೊಂಡ ಅಪ್ಪ ಹೀಗೆ ಮಾಡಿದರಲ್ಲ ಎಂದು. ಆಮೇಲೆ ಬಂದದ್ದು ಭಯ. ಎಂಟಡಿ ಅಗಲದ ಸುಳ್ಳು, ಅದರ ಕೆಳಗೆ ಅಪ್ಪನ ಹೆಸರು. ಚಿತ್ರ ದೊಡ್ಡದು ಮಾಡುವವನ ಕೈಗೆ ಎರಡು ನೆಗೆಟಿವ್ ಕೊಟ್ಟರೆ ಸಂಜೆಯೊಳಗೆ ಲಾಂಚಿನ ಎರಡೂ ದಡಕ್ಕೆ ಸುದ್ದಿ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ಕೆದಕುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈ ಬೀದಿಯ ಜನ ಬೆನ್ನ ಹಿಂದೆ ನಗುವಷ್ಟು ಸಂಕೋಚದವರೂ ಅಲ್ಲ. ಆ ಚಂದ್ರನನ್ನು ಕಿತ್ತುಕೊಂಡರೆ ಬೆತ್ತದ ಕುರ್ಚಿಯಲ್ಲಿ ಉಳಿಯುವುದು ಏನು? ಬರೀ ಒಬ್ಬ ಮುದುಕ. ಅಪ್ಪ ಅದನ್ನು ತಡೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಲಕೋಟೆಯನ್ನು ಇದ್ದಲ್ಲೇ ಇಟ್ಟು, ಡಬ್ಬಿ ಮುಚ್ಚಿ, ಸಿಕ್ಕಿತು ಎಂದು ಯಾರಿಗೂ ಹೇಳದೆ ಇಳಿದಳು.

ಮರುದಿನ ಲಾಂಚು ನಡೆಸುವ ಹಾರ್ನಣ್ಣ ಲೈಸೆನ್ಸಿನ ಫೋಟೋಕ್ಕೆ ಬಂದ. ದಡದಲ್ಲಿ ಒಂದು ಕೋಳಿ ಅಡ್ಡ ಬಂದರೂ ಉದ್ದಕ್ಕೆ ಹಾರ್ನ್ ಒತ್ತುವವನಾದ್ದರಿಂದ ಆ ಹೆಸರು. ಅಪ್ಪ ಮೇಲೆ ಊಟಕ್ಕೆ ಹೋಗಿದ್ದರು. ಅವಳು ಗೋಡೆಯ ಚಿತ್ರ ತೋರಿಸಿ ಮೆಲ್ಲನೆ ಕೇಳಿದಳು.

"ಅಣ್ಣ, ಆ ಟ್ಯಾಂಕ್ ಮೇಲೆ ಚಂದ್ರ ನಿಜವಾಗ್ಲೂ ಬರ್ತಾನಾ?"

ಹಾರ್ನಣ್ಣ ಕೋಟಿನೊಳಗೆ ಒಂದು ಕೈ ತೂರಿಸುತ್ತ ನಕ್ಕ. "ಸಂಜೆ ಬರಲ್ಲಕ್ಕ. ಅದು ಪಡುವಣ ದಡ. ಸಂಜೆ ಚಂದ್ರ ಹುಟ್ಟೋದು ನಮ್ಮ ಬೆನ್ನ ಹಿಂದೆ, ಮನೆಗಳ ತಾರಸಿ ಮೇಲೆ. ಅಲ್ಲೆಲ್ಲಿ ನೀರು? ಆದ್ರೆ ಹುಣ್ಣಿಮೆ ಕಳೆದ ಬೆಳಗ್ಗೆ ಮೊದಲನೇ ಟ್ರಿಪ್ಪಿಗೆ ಇಂಜಿನ್ ಬಿಸಿ ಮಾಡ್ತಿರ್ತೀನಲ್ಲ, ಆವಾಗ ಮುಳುಗೋದು ಆ ಕಡೆಗೇ. ಟ್ಯಾಂಕಿನ ಅಕ್ಕಪಕ್ಕದಲ್ಲೇ. ಎಷ್ಟು ಸಲ ನೋಡಿಲ್ಲ ನಾನು. ಯಜಮಾನರು ತೆಗೆದದ್ದೂ ಆವಾಗ್ಲೇ ಅಲ್ವಾ?"

ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ಅಪ್ಪ ಬೆಳಿಗ್ಗೆ ಎಂಟಕ್ಕೆ ಮುಂಚೆ ಎದ್ದದ್ದನ್ನು ಅಮ್ಮನೇ ಕಂಡಿರಲಿಲ್ಲ. ಹುಣ್ಣಿಮೆಗೆ ಹುಣ್ಣಿಮೆಗೆ ಸಂಜೆ ಹೊತ್ತು ಕ್ಯಾಮೆರಾ ಹೊತ್ತು ದಡಕ್ಕೆ ಬಂದಿರುತ್ತಾರೆ, ನೀರು ಒಂದು ಕಡೆ, ಚಂದ್ರ ಇನ್ನೊಂದು ಕಡೆ. ಕೊನೆಗೆ ಬೇಸತ್ತು ಎರಡನ್ನೂ ಕತ್ತಲೆ ಕೋಣೆಯಲ್ಲಿ ಮದುವೆ ಮಾಡಿಸಿದ್ದಾರೆ. ಇದ್ದ ನಿಜವನ್ನೇ ನಿದ್ದೆಯಲ್ಲಿ ಕಳೆದುಕೊಂಡು ಸುಳ್ಳು ಕಟ್ಟಿದ ಮಹಾನುಭಾವರು.

ಅವಳು ಅಂದೇ ಪಟ್ಟು ಹಿಡಿದಳು. ಮೂರು ತಿಂಗಳು, ಮೂರು ಹುಣ್ಣಿಮೆ. ಅದೇ ಟ್ಯಾಂಕು, ಅದೇ ಚಂದ್ರ, ಒಂದೇ ಕ್ಲಿಕ್ಕು. ನಿಜವಾದ ಚಿತ್ರ ತೆಗೆದು ಮ್ಯಾನೇಜರ ಕೈಗಿಡಬೇಕು, ಅಪ್ಪನ ಹೆಸರಿಗೆ ಕುಂದು ಬರಬಾರದು, ಅಪ್ಪನಿಗೆ ಗೊತ್ತೂ ಆಗಬಾರದು.

ಮೊದಲ ಹುಣ್ಣಿಮೆ ಕಳೆದ ಬೆಳಿಗ್ಗೆ ಐದಕ್ಕೇ ಅವಳು ದಡದ ಕಲ್ಲುಮೆಟ್ಟಿಲ ಮೇಲಿದ್ದಳು. ಅಪ್ಪನ ಮೊಳದುದ್ದದ ಹಳೆಯ ಲೆನ್ಸನ್ನು ಒಂದು ರಿಂಗ್ ಹಾಕಿ ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದ್ದಳು. ಚಂದ್ರ ಇದ್ದ, ನೀರಿತ್ತು, ಕೈ ಕಸುಬಿನ ರೂಢಿಯಂತೆ ಓಡಿತು. ಪಾಸ್‌ಪೋರ್ಟ್ ಫೋಟೋದವರಿಗೆ ಮೈಗಂಟಿದ ಬುದ್ಧಿ ಒಂದೇ: ಮುಖ ಕಪ್ಪಾಗಿ ಕಂಡರೆ ಬೆಳಕು ಏರಿಸು. ನೀರು ಕಪ್ಪಾಗಿ ಕಂಡಿತು, ಏರಿಸಿದಳು. ನೀರೇನೋ ಕಂಡಿತು, ಚಂದ್ರ ಮಾತ್ರ ಬಿಳಿ ಅಂಗಿಯ ಗುಂಡಿಯಂತೆ ಬೆಳ್ಳಗೆ ಕುರುಡಾಗಿ ಬಿದ್ದಿದ್ದ. ಇಳಿಸಿದಳು. ಚಂದ್ರನ ಮೈಮೇಲಿನ ಮಚ್ಚೆಗಳೆಲ್ಲ ಚೆನ್ನಾಗಿ ಮೂಡಿದವು, ನೀರು ಡಾಂಬರಾಯಿತು. ಹೆಚ್ಚು ಹೊತ್ತು ಷಟರ್ ತೆರೆದಿಟ್ಟರೆ ಆ ಪುಣ್ಯಾತ್ಮ ಸುಮ್ಮನೆ ನಿಲ್ಲುತ್ತಾನೆಯೇ? ಜಾರಿ ಜಾರಿ ಮೊಟ್ಟೆಯಾಗುತ್ತಿದ್ದ. ಅತ್ತ ದರಿ ಇತ್ತ ಪುಲಿ. ಅರವತ್ತು ಚಿತ್ರ ತೆಗೆದು, ಬೈದುಕೊಂಡು, ಎಲ್ಲವನ್ನೂ ಚೀಲಕ್ಕೆ ತುಂಬಿ ಮೆಟ್ಟಿಲು ಹತ್ತಿದವಳು ಮೇಲಿನಿಂದ ಒಮ್ಮೆ ತಿರುಗಿ ನೋಡಿದರೆ, ಆಕಾಶ ತಿಳಿಯಾಗಿದೆ, ಚಂದ್ರ ಹಳದಿಗೆ ತಿರುಗಿ ಮೆತ್ತಗಾಗಿದ್ದಾನೆ, ನೀರು ಅಲೆಯಲೆಯಾಗಿ ಕಾಣುತ್ತಿದೆ, ಎರಡೂ ಒಂದೇ ಬೆಳಕಿನಲ್ಲಿ. ದಡದಡನೆ ಇಳಿದು ಚೀಲ ಬಿಚ್ಚುವಷ್ಟರಲ್ಲಿ ಚಂದ್ರ ದಿಗಂತದ ಮಂಜಿಗೆ ಇಳಿದಾಗಿತ್ತು. ಸೂರ್ಯ ಹುಟ್ಟುವ ಮುಂಚಿನ ಆ ಹತ್ತು ನಿಮಿಷವೇ ಬೇಕಾದದ್ದು ಎಂದು ಅವಳು ಕಲಿತದ್ದು ಹಾಗೆ, ಕೈಗೆ ಬಂದದ್ದು ಬಾಯಿಗೆ ಬಾರದೆ.

ಎರಡನೆಯ ತಿಂಗಳು ಆ ಹತ್ತು ನಿಮಿಷಕ್ಕೆ ಸರಿಯಾಗಿ ಸಿದ್ಧಳಾಗಿದ್ದಳು. ಚಂದ್ರ ಇಳಿದ, ಇಳಿದ, ಟ್ಯಾಂಕಿನಿಂದ ಅಂಗೈ ಅಗಲದಷ್ಟು ಎಡಕ್ಕೆ ಇಳಿದು ಹೋದ. ಒಂದು ತಿಂಗಳಲ್ಲಿ ಅವನು ಮುಳುಗುವ ಜಾಗವೇ ಸರಿದಿತ್ತು. ಜೀವಮಾನವೆಲ್ಲ ಸ್ಟೂಲಿನ ಮೇಲಿದ್ದವರ ಗದ್ದ ಹಿಡಿದು "ಸ್ವಲ್ಪ ಬಲಕ್ಕೆ" ಎಂದವಳು, ಅವತ್ತು ಮೆಟ್ಟಿಲ ಮೇಲೆ ನಿಂತು ಬಾಯಿ ಬಿಟ್ಟು ಚಂದ್ರನಿಗೇ ಹೇಳಿಬಿಟ್ಟಳು.

ಲಾಂಚಿನಿಂದ ಹಾರ್ನಣ್ಣ ಕೂಗಿದ. "ಅಕ್ಕ, ಅವನು ನಿಮ್ಮ ಗಿರಾಕಿ ಅಲ್ಲ. ಅವನು ಸರಿಯಲ್ಲ, ನೀವೇ ಸರೀರಿ."

ಅಲ್ಲವೇ ಮತ್ತೆ. ತಾನು ದಡದಲ್ಲಿ ಬಲಕ್ಕೆ ಹೋದರೆ ಟ್ಯಾಂಕು ಎಡಕ್ಕೆ ಬಂದು ಚಂದ್ರನ ಕೆಳಗೆ ಕೂರುತ್ತದೆ. ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ಬಾಗಿಲೆಳೆದು ಹೆಜ್ಜೆ ಎಣಿಸುತ್ತ ಹೊರಟಳು. ಇನ್ನೂರೈವತ್ತು ಹೆಜ್ಜೆಗೆ ಸರಿಯಾದ ಜಾಗ ಸಿಕ್ಕಿತು. ಆದರೆ ಅಲ್ಲಿ ದಡ ಕುಸಿದು ನೀರು ಒಳನುಗ್ಗಿತ್ತು. ನಿಲ್ಲಬೇಕಾದದ್ದು ನೆಲದ ಮೇಲಲ್ಲ, ನೀರಿನಲ್ಲಿ.

"ದೋಣಿ ತರ್ಲಾ?" ಎಂದ ಹಾರ್ನಣ್ಣ.

"ದೋಣಿ ಅಲ್ಲಾಡತ್ತೆ. ಗೂಟ ಹೊಡೀಬೇಕು."

"ಐವತ್ತೆರಡು ವರ್ಷ ಆಯ್ತು ನಿಮಗೆ. ಬೆಳಗಿನ ಚಳೀಲಿ ಸೊಂಟದ ನೀರಲ್ಲಿ ನಿಲ್ತೀರಾ? ಯಾಕಕ್ಕ ಇಷ್ಟು ಹಟ? ಗೋಡೆ ಮೇಲೆ ಆಗ್ಲೇ ಒಂದಿದೆಯಲ್ಲ."

ಅವಳು ಅವನ ಮುಖ ನೋಡಿ, "ಅದಕ್ಕೇ," ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಸುತ್ತಿಗೆ ತಂದ.

ಮೂರನೆಯದು ಕೊನೆಯದು. ಉದ್ಘಾಟನೆಗೆ ಒಂಬತ್ತೇ ದಿನ ಉಳಿದಿತ್ತು. ಹುಣ್ಣಿಮೆಗೆ ಎರಡು ದಿನ ಮುಂಚಿನಿಂದಲೇ ಅವಳು ದಡದಲ್ಲಿ ನಿಂತು, ಚಂದ್ರ ದಿನದಿನಕ್ಕೆ ಎಷ್ಟು ಸರಿಯುತ್ತಾನೆಂದು ಚಾಚಿದ ಕೈಯ ಬೆರಳುಗಳಿಂದ ಅಳೆದಿದ್ದಳು. ಲೆಕ್ಕ ಕಳೆದ ತಿಂಗಳ ಜಾಗಕ್ಕಿಂತ ಇನ್ನೂ ಇಪ್ಪತ್ತು ಹೆಜ್ಜೆ ಆಚೆಗೆ ಬಂತು. ಅಲ್ಲಿ ಇಬ್ಬರೂ ಸೇರಿ ಕೆಸರಿಗೆ ನಾಲ್ಕು ಗೂಟ ಹೊಡೆದು, ಮೇಲೆ ಹಲಗೆ ಬಡಿದರು. ಹಲಗೆಯ ಮೇಲೆ ನಿಲ್ಲುವುದು ಕ್ಯಾಮೆರಾ ಮಾತ್ರ. ಅವಳು ನಿಲ್ಲುವುದು ಕೆಳಗೆ.

ಇನ್ನೊಂದು ತೊಡಕಿತ್ತು. ಮೊದಲ ಲಾಂಚು ಆರಕ್ಕೆ ಹೊರಟರೆ ಅದರ ಅಲೆಗೆ ನೀರೆಲ್ಲ ಕಲಕಿ ಬೆಳಕಿನ ದಾರಿ ಚೂರುಚೂರು.

"ಐದು ನಿಮಿಷ ನಿಲ್ಲಿಸ್ತೀನಿ," ಎಂದ ಹಾರ್ನಣ್ಣ. "ಇಂಜಿನ್ ಬಿಸಿ ಆಗ್ಲಿಲ್ಲ ಅಂತೀನಿ. ಆರನೇ ನಿಮಿಷಕ್ಕೆ ಜನ ನನ್ನನ್ನೇ ಬಿಸಿ ಮಾಡ್ತಾರೆ, ನೋಡ್ಕೊಳ್ಳಿ."

ಬೆಳಿಗ್ಗೆ ನೀರಿಗಿಳಿದಾಗ ಉಸಿರೇ ನಿಂತಂತಾಯಿತು. ಸೊಂಟದವರೆಗೆ ನೀರು, ಕಾಲಡಿಗೆ ಜಾರುವ ಕೆಸರು, ಹಲ್ಲು ಕಟಕಟ. ಅಪ್ಪ ಬಾಯಲ್ಲೇ ನಿಂತ ನೀರಿನಲ್ಲಿ ಮಗಳು ಕಾಲಲ್ಲಿ ನಿಂತಿದ್ದಳು. ಮೊಸಳೆಯೊಂದು ಇರಲಿಲ್ಲ, ಅಷ್ಟೇ ಪುಣ್ಯ. ಆಕಾಶದಲ್ಲಿ ತೆಳ್ಳಗೆ ಮೋಡದ ಎಳೆಯೊಂದು ಚಂದ್ರನ ಮುಖಕ್ಕೆ ಅಡ್ಡ ಬಂದು ಹೋಯಿತು. ಅವಳು ಅದನ್ನೂ ಬೈದಳು. ಐದೂವರೆ, ಐದು ಮುಕ್ಕಾಲು. ಬೆನ್ನ ಹಿಂದೆ ಮೂಡಣ ಬೆಳ್ಳಗಾಗುತ್ತ ಬಂತು. ಮುಂದೆ ಚಂದ್ರ ಹಳದಿಯಾದ. ಲೆನ್ಸಿನ ಗಾಜಿಗೆ ಮಂಜು ಹಿಡಿದಿತ್ತು, ಸೆರಗಿನ ಒಣ ತುದಿಯಿಂದ ಒರೆಸಿದಳು. ಹಲಗೆ ಅಲುಗೀತೆಂದು ಗುಂಡಿಯನ್ನು ಬೆರಳಲ್ಲಿ ಒತ್ತದೆ ತಂತಿಯ ತುದಿಯ ಸ್ವಿಚ್ಚು ಹಿಡಿದಳು. ಚಂದ್ರ ತನ್ನಷ್ಟುದ್ದ ಇಳಿಯಲು ತೆಗೆದುಕೊಳ್ಳುವುದು ಎರಡೇ ನಿಮಿಷ, ತಪ್ಪಿದರೆ ತಪ್ಪಿದ್ದೇ. ಕಟ್ಟೆಯ ಕಡೆಯಿಂದ ಪ್ರಯಾಣಿಕರ ಗೊಣಗಾಟ ಕೇಳಿಸುತ್ತಿತ್ತು. ಚಂದ್ರ ಟ್ಯಾಂಕಿನ ಮೇಲಂಚಿಗೆ ತಾಗಲು ಕೂದಲೆಳೆಯಷ್ಟು ಬಾಕಿ. ನೀರಿನ ಮೇಲೆ ಆ ತುದಿಯಿಂದ ಈ ತುದಿಗೆ, ಅವಳ ಸೊಂಟದವರೆಗೆ, ಬೆಳಕು ಬಂದು ನಿಂತಿತ್ತು. ಒತ್ತಿದಳು. ಬೆಳಕು ಇಳಿಸಿ ಒತ್ತಿದಳು. ಏರಿಸಿ ಒತ್ತಿದಳು. ಮೂರನೆಯ ಕ್ಲಿಕ್ಕಿನ ಹಿಂದೆಯೇ ಲಾಂಚಿನ ಹಾರ್ನು ಊರು ಎಬ್ಬಿಸಿತು.

ಅಂಗಡಿಯ ಕಂಪ್ಯೂಟರಿನ ಮುಂದೆ ಒದ್ದೆ ಬಟ್ಟೆಯಲ್ಲೇ ಕೂತು ನೋಡಿದಳು. ಎರಡನೆಯ ಚಿತ್ರ ಸಿಕ್ಕಿತ್ತು. ಚಂದ್ರನ ಮಚ್ಚೆ, ಟ್ಯಾಂಕಿನ ಏಣಿ, ನೀರಿನ ಸಣ್ಣ ಅಲೆ, ಎಲ್ಲ ಒಂದೇ ಚೌಕಟ್ಟಿನಲ್ಲಿ. ಕಪ್ಪು ಬಿಳುಪು ಮಾಡಿದರೆ ಗೋಡೆಯ ಚಿತ್ರವೇ. ಆಮೇಲೆ ಕಂಡಿತು: ಟ್ಯಾಂಕಿನ ಪಕ್ಕದಲ್ಲಿ ಕಡ್ಡಿಯಂತೆ ಒಂದು ಮೊಬೈಲ್ ಟವರು. ನಲವತ್ತೊಂದು ವರ್ಷದ ಹಿಂದಿನ ಚಿತ್ರದಲ್ಲಿ ಮೊಬೈಲ್ ಟವರು! ಮೂರು ತಿಂಗಳು ಚಂದ್ರನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳಿಗೆ ಅದು ಒಮ್ಮೆಯೂ ಕಂಡಿರಲಿಲ್ಲ. ಮೌಸಿನ ಮೇಲೆ ಬೆರಳಿಟ್ಟು ಕೂತಳು. ಮುಖದ ಮೇಲಿನ ಮೊಡವೆ ಅಳಿಸುವಷ್ಟು ಸುಲಭದ ಕೆಲಸ, ದಿನಕ್ಕೆ ಹತ್ತು ಸಲ ಮಾಡುವುದೇ. ಅಳಿಸಿದರೆ ಇದೂ ಗೋಡೆಯ ಚಿತ್ರದ ತಂಗಿಯೇ ಆಗುತ್ತದೆ ಎನಿಸಿತು. ಬೆರಳು ತೆಗೆದಳು. ಟವರು ಇರಲಿ. ಹಳೆಯ ನೆಗೆಟಿವ್ ಹಾಳಾಗಿದೆ, ಅಪ್ಪ ಹೇಳಿಕೊಟ್ಟಂತೆ ಇದನ್ನು ಹೊಸದಾಗಿ ತೆಗೆದದ್ದು, ಹೆಸರು ಅವರದೇ ಹಾಕಿ ಎಂದರಾಯಿತು.

ಹನ್ನೊಂದು ಗಂಟೆಗೆ ಮ್ಯಾನೇಜರು ಬಂದರು. ಬೆಂಚಿನ ಮೇಲೆ ಫೋಟೋಕ್ಕೆಂದು ಮೂವರು ಕಾದಿದ್ದರು. ಅವಳು ಕೌಂಟರಿನ ಮೇಲೆ ದೊಡ್ಡ ಪ್ರಿಂಟು ಬಿಚ್ಚಿ, ಕಟ್ಟಿಕೊಂಡಿದ್ದ ಮಾತನ್ನು ಹೇಳತೊಡಗಿದ್ದಳು. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದು ಬಂದರು. ಜೇಬಿನಿಂದ ಭೂತಗನ್ನಡಿ ತೆಗೆದು ಪ್ರಿಂಟಿನ ಮೇಲೆ ಬಾಗಿದರು. ಚಂದ್ರನ ಅಂಚಿನ ಸುತ್ತ ಗಾಜನ್ನು ಇಷ್ಟಿಷ್ಟೇ ಸರಿಸುತ್ತ ಒಂದು ಸುತ್ತು ಬಂದರು. ಅಂಟಿಸಿದ ಗೆರೆ ಎಲ್ಲಿರುತ್ತದೆ ಎಂದು ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೆರೆ ಇರಲಿಲ್ಲ. ಗಾಜು ಟವರಿನ ಮೇಲೆ ಬಂದು ನಿಂತಿತು.

"ಅಟ್ಟದ ಡಬ್ಬಿ ನೋಡಿದ್ಯಾ?" ಎಂದರು, ತಲೆಯೆತ್ತದೆ.

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ನೋಡಿದೆ ಅಪ್ಪ. ಬಿಡಿ ಈಗ ಅದು."

"ಇದನ್ನ ಎಲ್ಲಿ ನಿಂತು ತೆಗೆದೆ?"

"ನೀರಲ್ಲಿ."

ಅಪ್ಪ ಭೂತಗನ್ನಡಿ ಮಡಿಸಿ ಜೇಬಿಗೆ ಹಾಕಿ, ಮ್ಯಾನೇಜರ ಕಡೆ ತಿರುಗಿದರು. "ಸ್ವಾಮೀ, ನಾನು ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದು ಸುಳ್ಳು. ಗೋಡೆ ಮೇಲಿರೋದು ಎರಡು ನೆಗೆಟಿವ್ ಸೇರಿಸಿ ಮಾಡಿದ್ದು. ಆ ನೀರಿನ ಬೆಳಕು ಸೂರ್ಯಂದು. ನಾನು ನೀರಿಗೆ ಇಳಿದವನೇ ಅಲ್ಲ, ನನಗೆ ಈಜೂ ಬರಲ್ಲ."

ಬೆಂಚಿನ ಮೇಲೆ ಒಬ್ಬ ಕಿಸಕ್ಕನೆ ನಕ್ಕ. ಅವಳ ಮೈಯೆಲ್ಲ ಉರಿಯಿತು. "ಅಪ್ಪ! ನಿಮ್ಮ ಹೆಸರು ಉಳೀಲಿ ಅಂತ ಮೂರು ತಿಂಗಳು ಒದ್ದಾಡಿದೀನಿ ನಾನು. ಅದನ್ನ ಒಂದೇ ಮಾತಲ್ಲಿ..."

"ಗೊತ್ತಾಯ್ತಮ್ಮ. ಅದಕ್ಕೇ ಹೇಳಿದ್ದು." ಅಪ್ಪನ ದನಿ ಸಣ್ಣದಾಯಿತು. "ನಲವತ್ತೊಂದು ವರ್ಷ ಯಾರಾದ್ರೂ ಕೇಳ್ತಾರೇನೋ ಅಂತ ಹೆದರ್ಕೊಂಡೇ ಆ ಬಾಗಿಲಲ್ಲಿ ಕೂತಿದ್ದೆ. ಕೇಳೋಕೆ ಬಿಡಬಾರದು ಅಂತ ನಾನೇ ಕಥೆ ಹೇಳ್ತಿದ್ದೆ. ಈಗ ನಿಂದಕ್ಕೂ ನನ್ನ ಹೆಸರು ಅಂಟಿಸಿದ್ರೆ, ಅದು ನಾನು ಮಾಡೋ ಎರಡನೇ ಮೋಸ. ಮೊದಲನೇದು ಚಂದ್ರನಿಗೆ ಮಾಡಿದ್ದು, ಅವನು ತಡ್ಕೊಂಡ. ನಿನಗೆ ಮಾಡ್ಲಾ?"

ನಕ್ಕವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಮ್ಯಾನೇಜರು ಪೆನ್ನು ತೆಗೆದರು. "ಹಾಗಾದ್ರೆ ಕೆಳಗೆ ಏನಂತ ಬರೀಲಿ?"

ಅಪ್ಪ ಅವಳ ಪೂರ್ತಿ ಹೆಸರು ಹೇಳಿದರು, ಶಾಲೆಗೆ ಸೇರಿಸಿದ ದಿನ ಹೇಳಿದ್ದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ. ಮ್ಯಾನೇಜರು ಬರೆದದ್ದನ್ನು ಭೂತಗನ್ನಡಿಯಲ್ಲಿ ನೋಡಿ, ಸರಿಯಿದೆ ಎಂದ ಮೇಲೆಯೇ ಕಾಗದ ಬಿಟ್ಟರು. ಆಮೇಲೆ ಬೆಂಚಿನ ಕಡೆ ತಿರುಗಿ, "ಯಾರು ಮೊದಲು ಬಂದಿದ್ದು? ಹೋಗಿ ಕೂತ್ಕೊಳ್ಳಿ, ನನ್ನ ಮಗಳು ತೆಗೀತಾಳೆ," ಎಂದರು.

ಮೊದಲಿನವನು ಕಪ್ಪು ಕೋಟು ತೊಟ್ಟು, ಸ್ಟೂಲು ಹತ್ತಿ, ಹೇಳಿಸಿಕೊಳ್ಳದೆಯೇ ಬೆನ್ನು ನೇರ ಮಾಡಿ ಕೂತ. ಅವಳು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಅವನ ಮುಖ ಎಲ್ಲಿದೆಯೆಂದೇ ಕಾಣಲಿಲ್ಲ. ಫೋಕಸ್ ತಿರುಗಿಸಿದಳು, ಮತ್ತೆ ತಿರುಗಿಸಿದಳು, ನೀರು ತುಂಬಿದ ಕಣ್ಣಿಗೆ ಯಾವ ಲೆನ್ಸು ತಾನೇ ಏನು ಮಾಡೀತು.

"ಸ್ವಲ್ಪ ಇರಿ," ಎಂದಳು ನೆಟ್ಟಗಕ್ಕ, ಸೆರಗು ಹುಡುಕುತ್ತ.